ಬಣ್ಣದ ಕೆಳಗಿರುವ ಮುಖ



ಹಳೆಯ ಮನೆಯೊಂದರ ಗೋಡೆಯನ್ನು ನೀವು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಮಳೆಗಾಲದಲ್ಲಿ ತೇವ ಹಿಡಿದು ಸುಣ್ಣದ ಹಕ್ಕಳೆಯೊಂದು ಉದುರಿದರೆ ಅದರಡಿ ಬೇರೊಂದು ಬಣ್ಣ ಕಾಣುತ್ತದೆ. ಅದನ್ನೂ ಉಗುರಿನಿಂದ ಕೆರೆದರೆ ಮತ್ತೊಂದು. ಮಗಳ ಮದುವೆಗೆಂದು ಬಳಿದ ನೀಲಿ, ಅದಕ್ಕೂ ಹಿಂದೆ ಯಾವುದೋ ಕ್ರಿಸ್ಮಸ್ಸಿಗೆ ಬಳಿದ ಹಳದಿ, ಎಲ್ಲಕ್ಕೂ ಕೆಳಗೆ ಅಜ್ಜನ ಕಾಲದ ಬಿಳಿ ಸುಣ್ಣ. ಗೋಡೆ ಒಂದೇ. ಆದರೆ ಇಂದು ಮನೆಗೆ ಬಂದ ಅತಿಥಿ ಕಾಣುವುದು ಮೇಲಿನ ಬಣ್ಣವೊಂದನ್ನೇ.

ಮನುಷ್ಯನ ವಿಷಯದಲ್ಲೂ ಹೀಗೆಯೇ ಅಲ್ಲವೇ? ನಾವು ಒಬ್ಬರನ್ನೊಬ್ಬರು ನೋಡುವಾಗ ಮೇಲಿನ ಬಣ್ಣವನ್ನೇ ನೋಡುತ್ತೇವೆ. ಅದನ್ನೇ ಇಡೀ ಗೋಡೆಯೆಂದು ನಂಬುತ್ತೇವೆ. ಈ ವಾರ ನಿಮ್ಮೊಂದಿಗೆ ಇದನ್ನೇ ಕುರಿತು ಧ್ಯಾನಿಸಬೇಕೆಂದಿದ್ದೇನೆ. ಅದಕ್ಕಾಗಿ ಯುರೋಪಿನ ಮೂರು ಪ್ರಸಿದ್ಧ ಚಿತ್ರಗಳ ಕಥೆಯನ್ನು ಹೇಳುತ್ತೇನೆ. ಅವುಗಳನ್ನು ನಾನು ಕಣ್ಣಾರೆ ಕಂಡವನಲ್ಲ. ಅಚ್ಚಾದ ಪ್ರತಿಗಳಲ್ಲಷ್ಟೇ ಕಂಡವನು. ಆದರೂ ಅವುಗಳ ಕಥೆ ನನ್ನನ್ನು ಬಹಳ ದಿನ ಕಾಡಿದೆ.

ಕಾಣದ್ದನ್ನು ಕಾಣಿಸುವ ಕಿರಣಗಳು

ಕೈಮೂಳೆ ಮುರಿದಾಗ ಆಸ್ಪತ್ರೆಯಲ್ಲಿ ಕ್ಷ-ಕಿರಣದ ಚಿತ್ರ ತೆಗೆಯುತ್ತಾರೆ. ಕಿರಣಗಳು ಚರ್ಮ, ಮಾಂಸಗಳನ್ನು ದಾಟಿ ಹೋಗುತ್ತವೆ, ಮೂಳೆಯಲ್ಲಿ ತಡೆಯಲ್ಪಡುತ್ತವೆ. ಆದ್ದರಿಂದ ಮೂಳೆ ಬೆಳ್ಳಗೆ ಮೂಡುತ್ತದೆ. ಜರ್ಮನಿಯ ವಿಜ್ಞಾನಿ ರಾಂಟ್ಜೆನ್ ಈ ಕಿರಣಗಳನ್ನು ಕಂಡುಹಿಡಿದದ್ದು 1895ರಲ್ಲಿ. ಮರುವರ್ಷವೇ ಕೆಲವರು ಇದನ್ನು ಹಳೆಯ ವರ್ಣಚಿತ್ರಗಳ ಮೇಲೆ ಪ್ರಯೋಗಿಸಿ ನೋಡಿದರು. ಹಿಂದಿನ ಚಿತ್ರಕಾರರು ಬಳಸುತ್ತಿದ್ದ ಬಿಳಿ ಬಣ್ಣ ಸೀಸದಿಂದ ಮಾಡಿದ್ದು. ಸೀಸವೂ ಮೂಳೆಯಂತೆ ಕಿರಣವನ್ನು ತಡೆಯುತ್ತದೆ. ಹಾಗಾಗಿ ಮೇಲೆ ಬೇರೆ ಬಣ್ಣ ಬಳಿದಿದ್ದರೂ ಕೆಳಗಿರುವ ಬಿಳಿಯ ಆಕಾರ ಹೊರಗೆ ಕಾಣುತ್ತದೆ.

ಅನಂತರ ಇನ್ನೂ ಸೂಕ್ಷ್ಮವಾದ ಉಪಾಯಗಳು ಬಂದವು. ಅವಕೆಂಪು ಕಿರಣಗಳು ಮೇಲಿನ ಬಣ್ಣವನ್ನು ದಾಟಿ, ಚಿತ್ರಕಾರ ಮೊದಲು ಇದ್ದಿಲಿನಿಂದ ಗೀಚಿದ ಗೆರೆಗಳನ್ನು ತೋರಿಸುತ್ತವೆ. ಇತ್ತೀಚಿನ ವರ್ಷಗಳಲ್ಲಿ ಚಿತ್ರದ ಮೇಲೆ ಚುಕ್ಕಿ ಚುಕ್ಕಿಯಾಗಿ ಕ್ಷ-ಕಿರಣ ಹಾಯಿಸಿ, ಇಲ್ಲಿ ತಾಮ್ರವಿದೆ, ಇಲ್ಲಿ ಪಾದರಸವಿದೆ, ಇಲ್ಲಿ ಕಬ್ಬಿಣವಿದೆ ಎಂದು ಒಂದೊಂದು ಧಾತುವನ್ನೂ ಗುರುತಿಸುವ ಯಂತ್ರಗಳಿವೆ. ಚಿತ್ರಕ್ಕೆ ಒಂದಿಷ್ಟೂ ಗಾಯವಾಗದಂತೆ ಅದರ ಒಳಗನ್ನು ಓದಬಹುದು. ಈಗ ಮೊದಲ ಚಿತ್ರಕ್ಕೆ ಬರೋಣ.

ಬರಿಯ ಗೋಡೆಯ ಗುಟ್ಟು

ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ 1632ರಲ್ಲಿ ಜನಿಸಿದ ಯೊಹಾನೆಸ್ ವರ್ಮೀರ್ ಕೆಲವೇ ಚಿತ್ರಗಳನ್ನು ಬರೆದ ಕಲಾವಿದ. ಅವನು ಕಥೋಲಿಕ ಮನೆತನದ ಹೆಣ್ಣನ್ನು ಮದುವೆಯಾಗಿದ್ದ. ಅವನ ಒಂದು ಚಿತ್ರ ಇಂದು ಜರ್ಮನಿಯ ಡ್ರೆಸ್ಡೆನ್ ನಗರದ ಸಂಗ್ರಹಾಲಯದಲ್ಲಿದೆ. ತೆರೆದ ಕಿಟಕಿಯ ಮುಂದೆ ಯುವತಿಯೊಬ್ಬಳು ನಿಂತು ಪತ್ರ ಓದುತ್ತಿದ್ದಾಳೆ. ಅವಳ ಹಿಂದೆ ಬರಿಯ ಗೋಡೆ. ಆ ಬರಿದಾದ ಗೋಡೆಯ ಮೌನವನ್ನು ಎಷ್ಟೋ ಜನ ಮೆಚ್ಚಿ ಹೊಗಳಿದ್ದರು.

1979ರಲ್ಲಿ ಕ್ಷ-ಕಿರಣದಲ್ಲಿ ನೋಡಿದಾಗ ಆ ಗೋಡೆ ಬರಿದಲ್ಲವೆಂದು ತಿಳಿಯಿತು. ಅದರ ಮೇಲೆ ದೊಡ್ಡದೊಂದು ಚಿತ್ರಪಟ ತೂಗುಹಾಕಿದಂತೆ ಬರೆಯಲಾಗಿತ್ತು. ಅದರಲ್ಲಿ ಕ್ಯುಪಿಡ್ ಎಂಬ ಬಾಲಕ, ಅಂದರೆ ಪಾಶ್ಚಾತ್ಯರು ಪ್ರೇಮದ ಸಂಕೇತವಾಗಿ ಬರೆಯುವ ಹುಡುಗ, ನಿಂತಿದ್ದ. ಎಲ್ಲರೂ ಏನೆಂದುಕೊಂಡರು ಗೊತ್ತೇ? ವರ್ಮೀರನೇ ಬರೆದು, ಚೆನ್ನಾಗಿಲ್ಲವೆಂದು ಅವನೇ ಅಳಿಸಿರಬೇಕು ಎಂದುಕೊಂಡರು. ಆ ನಂಬಿಕೆ 38 ವರ್ಷ ಉಳಿಯಿತು.

2017ರಲ್ಲಿ ಚಿತ್ರವನ್ನು ಶುಚಿಗೊಳಿಸುವ ಕೆಲಸ ಆರಂಭವಾಯಿತು. ತಜ್ಞರು ಬಣ್ಣದ ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಆಗ ಒಂದು ಅಚ್ಚರಿ ಕಾದಿತ್ತು. ಕೆಳಗಿನ ಬಾಲಕನಿಗೂ ಮೇಲಿನ ಗೋಡೆಯ ಬಣ್ಣಕ್ಕೂ ನಡುವೆ ಹಳೆಯ ವಾರ್ನಿಶ್ ಇತ್ತು, ಕೊಳೆ ಕೂತಿತ್ತು. ಕೊಳೆ ಕೂರಬೇಕಾದರೆ ಕಾಲ ಬೇಕು. ಅಂದರೆ ಚಿತ್ರ ಪೂರ್ತಿಯಾಗಿ, ಗೋಡೆಯ ಮೇಲೆ ದಶಕಗಟ್ಟಲೆ ತೂಗಿ, ವರ್ಮೀರನು ತೀರಿಕೊಂಡ ಮೇಲೆ ಯಾರೋ ಬೇರೆಯವರು ಆ ಬಾಲಕನನ್ನು ಮುಚ್ಚಿದ್ದರು! ಮುಚ್ಚಿದ ಕೈ ಬರೆದವನ ಕೈಯಾಗಿರಲಿಲ್ಲ.

ಇಷ್ಟು ಖಚಿತವಾದ ಮೇಲೆ 2018ರಲ್ಲಿ ಮೇಲಿನ ಬಣ್ಣವನ್ನು ತೆಗೆಯಲು ನಿರ್ಧರಿಸಿದರು. ಸೂಕ್ಷ್ಮದರ್ಶಕದ ಕೆಳಗೆ, ಶಸ್ತ್ರವೈದ್ಯರು ಬಳಸುವಂಥ ಪುಟ್ಟ ಚಾಕುವಿನಿಂದ ಚೂರು ಚೂರಾಗಿ ತೆಗೆದರು. ಅವಸರವಿರಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಚಿತ್ರವನ್ನು ಜನರ ಮುಂದಿಟ್ಟಾಗ ಬಾಲಕ ಮತ್ತೆ ಗೋಡೆಯ ಮೇಲಿದ್ದ. ಅವನ ಕಾಲ ಕೆಳಗೆ ಮುಖವಾಡಗಳು ಬಿದ್ದಿದ್ದವು. ನಿಜವಾದ ಪ್ರೀತಿ ಸುಳ್ಳು ಮುಖಗಳನ್ನು ತುಳಿದು ನಿಲ್ಲುತ್ತದೆ ಎಂಬುದು ಅದರ ಅರ್ಥ. ಕಿಟಕಿಯ ಬಳಿ ನಿಂತ ಹುಡುಗಿ ಯಾವ ಪತ್ರ ಓದುತ್ತಿದ್ದಾಳೆ ಎಂಬುದಕ್ಕೂ ಈಗ ಒಂದು ಸುಳಿವು ಸಿಕ್ಕಿತು.

ಬರೆದವನು ಯಾರು, ಮುಚ್ಚಿದವರು ಯಾರು?

ಪ್ರಿಯರೇ, ಈ ಕಥೆಯನ್ನು ಓದಿದಾಗ ನನಗೆ ನೆನಪಾದದ್ದು ಪಾಪನಿವೇದನೆಗೆ ಬರುವ ಜನ ಸಾಮಾನ್ಯವಾಗಿ ಆಡುವ ಮಾತು. "ನನ್ನ ಸ್ವಭಾವವೇ ಹೀಗೆ ಫಾದರ್, ದೇವರು ನನ್ನನ್ನು ಹೀಗೇ ಮಾಡಿದ್ದಾನೆ." ಕೋಪಿಷ್ಠನು ತನ್ನ ಕೋಪದ ಬಗ್ಗೆ ಹೀಗೆನ್ನುತ್ತಾನೆ. ಕುಡಿತಕ್ಕೆ ಬಿದ್ದವನೂ ಹೀಗೆನ್ನುತ್ತಾನೆ. ಚಿಕ್ಕಂದಿನಿಂದ 'ನೀನು ದಂಡಪಿಂಡ, ನಿನ್ನ ಕೈಲಿ ಏನಾಗುತ್ತದೆ' ಎಂದು ಕೇಳಿಸಿಕೊಂಡೇ ಬೆಳೆದ ಹುಡುಗನೂ ಹೀಗೆಯೇ ಎನ್ನುತ್ತಾನೆ. ಬರೆದವನೇ ಮುಚ್ಚಿದ್ದಾನೆ ಎಂಬ ತಪ್ಪು ತಿಳಿವಳಿಕೆ ಇದೇ ಅಲ್ಲವೇ?

ಆದಿಕಾಂಡದ ಮೊದಲನೆಯ ಅಧ್ಯಾಯ ನಮಗೆ ಏನನ್ನು ಕಲಿಸುತ್ತದೆ? ದೇವರು ಮನುಷ್ಯನನ್ನು ತಮ್ಮ ಸ್ವರೂಪದಲ್ಲಿ, ಗಂಡು ಹೆಣ್ಣಾಗಿ ಸೃಷ್ಟಿಸಿದರು. ತಾವು ಮಾಡಿದ್ದೆಲ್ಲವೂ ಬಹಳ ಚೆನ್ನಾಗಿದೆಯೆಂದು ಕಂಡರು. ಇದೇ ಮೊದಲ ಚಿತ್ರ. ಪಾಪ ಅನಂತರ ಬಂದದ್ದು. ಅದು ಮೇಲೆ ಬಳಿದದ್ದು. ಕೆಲವು ಪದರ ನಾವೇ ಬಳಿದುಕೊಂಡದ್ದು, ಕೆಲವು ನಮ್ಮ ಮೇಲೆ ಇತರರು ಬಳಿದದ್ದು. ಪಾಪವು ದೇವರ ಸ್ವರೂಪವನ್ನು ವಿರೂಪಗೊಳಿಸುತ್ತದೆ, ಮುಚ್ಚುತ್ತದೆ. ಆದರೆ ಪೂರ್ತಿಯಾಗಿ ಅಳಿಸಲಾರದು ಎಂಬುದು ಧರ್ಮಸಭೆಯ ಬೋಧನೆ. ಎಂಥ ಪಾಪಿಯಲ್ಲೂ ಆ ಸ್ವರೂಪ ಇದೆ.

ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷರಾಗಿದ್ದ ಸಂತ ಅಥನಾಸಿಯುಸರು, ದೇವರ ಮಗ ಏಕೆ ಮನುಷ್ಯನಾದರು ಎಂಬುದನ್ನು ವಿವರಿಸುವಾಗ ಒಂದು ಚಿತ್ರದ ಹೋಲಿಕೆಯನ್ನೇ ಕೊಡುತ್ತಾರೆ. ಹಲಗೆಯ ಮೇಲೆ ಒಬ್ಬರ ಮುಖವನ್ನು ಬರೆದಿದೆ ಎಂದುಕೊಳ್ಳಿ. ಅದು ಕಲೆಗಳಿಂದ ಕೆಟ್ಟುಹೋಗಿದೆ. ಆಗ ಹಲಗೆಯನ್ನು ಎಸೆದುಬಿಡುತ್ತಾರೆಯೇ? ಇಲ್ಲ. ಯಾರ ಮುಖವನ್ನು ಬರೆದಿತ್ತೋ ಅವರೇ ಮತ್ತೊಮ್ಮೆ ಬಂದು ಎದುರಿಗೆ ಕೂರಬೇಕು. ಆಗ ಅದೇ ಹಲಗೆಯ ಮೇಲೆ ಮುಖವನ್ನು ಹೊಸದಾಗಿ ಬರೆಯಬಹುದು. ನಾವು ಯಾರ ಸ್ವರೂಪದಲ್ಲಿ ಸೃಷ್ಟಿಯಾದೆವೋ ಆ ಪುತ್ರನೇ ನಮ್ಮ ನಡುವೆ ಬಂದು ಕೂತರು. ಬೆತ್ಲೆಹೇಮಿನಲ್ಲಿ ಕೂತರು, ನಜರೇತಿನ ಬಡಗಿಯ ಮನೆಯಲ್ಲಿ ಕೂತರು, ಸುಂಕದವರ ಊಟದ ಪಂಕ್ತಿಯಲ್ಲಿ ಕೂತರು. ಹಲಗೆ ಎಸೆಯುವಂಥದ್ದೆಂದು ಅವರಿಗೆ ಅನಿಸಲಿಲ್ಲ.

ನಿಸ್ಸಾದ ಸಂತ ಗ್ರೆಗೋರಿಯವರು ಇದೇ ಸತ್ಯವನ್ನು ಇನ್ನೊಂದು ರೀತಿಯಲ್ಲಿ ಹೇಳಿದರು. ಶುಭಸಂದೇಶದಲ್ಲಿ ಹೆಂಗಸೊಬ್ಬಳು ನಾಣ್ಯ ಕಳೆದುಕೊಂಡು ದೀಪ ಹಚ್ಚಿ ಮನೆಯನ್ನೆಲ್ಲ ಗುಡಿಸುತ್ತಾಳಲ್ಲ, ಆ ನಾಣ್ಯದ ಮೇಲೆ ಅರಸನ ಮುಖವಿದೆ. ನಾಣ್ಯ ಮನೆಯೊಳಗೇ ಇದೆ. ಕೊಳೆಯಡಿ ಇದೆ, ಅಷ್ಟೇ. ದೀಪ ಬೇಕು, ಪೊರಕೆ ಬೇಕು. ಹೊಸ ನಾಣ್ಯ ಬೇಕಿಲ್ಲ.

ಹುಲ್ಲಿನ ಕೆಳಗಿನ ಹೆಂಗಸು

ಎರಡನೆಯ ಚಿತ್ರ ವಿನ್ಸೆಂಟ್ ವ್ಯಾನ್ ಗೋನದು. 1853ರಲ್ಲಿ ಹಾಲೆಂಡಿನಲ್ಲಿ ಪ್ರೊಟೆಸ್ಟೆಂಟ್ ಬೋಧಕರೊಬ್ಬರ ಮಗನಾಗಿ ಜನಿಸಿದವನು. ಚಿತ್ರಕಾರನಾಗುವ ಮೊದಲು ಬೆಲ್ಜಿಯಂನ ಬೊರಿನಾಜ್ ಎಂಬ ಕಲ್ಲಿದ್ದಲ ಗಣಿಗಳ ನಾಡಿನಲ್ಲಿ ಬೋಧಕನಾಗಿ ದುಡಿದ. ಗಣಿ ಕೆಲಸಗಾರರಂತೆಯೇ ಬದುಕಬೇಕೆಂದು ತನ್ನ ಒಳ್ಳೆಯ ಬಟ್ಟೆಗಳನ್ನೆಲ್ಲ ಕೊಟ್ಟುಬಿಟ್ಟು ಗುಡಿಸಲಿನಲ್ಲಿ ಮಲಗಿದ. ಇದು ಅತಿಯಾಯಿತೆಂದು ಮೇಲಿನವರು ಅವನನ್ನು ಮುಂದುವರಿಸಲಿಲ್ಲ. 1880ರಲ್ಲಿ ಅವನು ಚಿತ್ರಕಲೆಗೆ ತಿರುಗಿದ. ಅಲ್ಲಿಯೂ ಅವನ ಕಣ್ಣು ಹೋದದ್ದು ಬಡವರ ಕಡೆಗೇ. ನ್ಯೂನೆನ್ ಎಂಬ ಹಳ್ಳಿಯಲ್ಲಿದ್ದಾಗ ಅಲ್ಲಿನ ರೈತರ, ರೈತ ಹೆಂಗಸರ ಮುಖಗಳನ್ನು ಒಂದಾದಮೇಲೊಂದು ಬರೆದ.

ಆದರೆ ಕ್ಯಾನ್ವಾಸಿಗೆ ಹಣ ಬೇಕು. ಅವನ ಚಿತ್ರಗಳನ್ನು ಕೊಳ್ಳುವವರಿರಲಿಲ್ಲ. ತಮ್ಮ ಕಳಿಸಿದ ಹಣದಲ್ಲಿ ಬದುಕು ಸಾಗುತ್ತಿತ್ತು. ಹಾಗಾಗಿ ಬರೆದ ಚಿತ್ರದ ಮೇಲೆಯೇ ಮತ್ತೊಂದನ್ನು ಬರೆಯುತ್ತಿದ್ದ. 1887ರಲ್ಲಿ ಪ್ಯಾರಿಸ್ಸಿನಲ್ಲಿ ಹಸಿರು ಹುಲ್ಲಿನ ಒಂದು ತುಂಡು ನೆಲವನ್ನು ಬರೆದ. ಬರಿಯ ಹುಲ್ಲು, ಕೆಲವು ಹೂಗಳು. ಅದು ಈಗ ಹಾಲೆಂಡಿನ ಕ್ರೋಲರ್-ಮ್ಯೂಲರ್ ಸಂಗ್ರಹಾಲಯದಲ್ಲಿದೆ. ಅದರಡಿ ಒಂದು ತಲೆಯ ಅಸ್ಪಷ್ಟ ಆಕಾರವಿದೆಯೆಂದು ಮೊದಲೇ ತಿಳಿದಿತ್ತು. 2008ರಲ್ಲಿ ವಿಜ್ಞಾನಿಗಳು ಅದನ್ನು ಹ್ಯಾಂಬರ್ಗಿನ ಸಂಶೋಧನಾ ಕೇಂದ್ರಕ್ಕೆ ಒಯ್ದು, ಅಲ್ಲಿನ ಪ್ರಬಲವಾದ ಕ್ಷ-ಕಿರಣಗಳಿಂದ 17.5 ಸೆಂಟಿಮೀಟರ್ ಉದ್ದಗಲದ ಒಂದು ಚೌಕವನ್ನು ಎರಡು ದಿನ ಚುಕ್ಕಿ ಚುಕ್ಕಿಯಾಗಿ ಓದಿದರು. ಕೆಂಪು ಬಣ್ಣದಲ್ಲಿದ್ದ ಪಾದರಸ ತುಟಿ, ಕೆನ್ನೆಗಳನ್ನು ತೋರಿಸಿತು. ಹಳದಿಯಲ್ಲಿದ್ದ ಆಂಟಿಮನಿ ಎಂಬ ಲೋಹ ಮುಖದ ಮೇಲೆ ಬಿದ್ದ ಬೆಳಕನ್ನು ತೋರಿಸಿತು. ಹುಲ್ಲಿನೊಳಗಿಂದ ನ್ಯೂನೆನ್ನಿನ ರೈತ ಹೆಂಗಸೊಬ್ಬಳು ನೋಡತೊಡಗಿದಳು.

2022ರ ಜುಲೈಯಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲೂ ಇಂಥದೇ ಒಂದು ಘಟನೆ ನಡೆಯಿತು. ಅಲ್ಲಿರುವ ಅವನ ರೈತ ಹೆಂಗಸಿನ ಚಿತ್ರವೊಂದನ್ನು ಕ್ಷ-ಕಿರಣದಲ್ಲಿ ಪರೀಕ್ಷಿಸಿದಾಗ, ಅದರ ಹಿಂಬದಿಯಲ್ಲಿ ಅಂಟು ಮತ್ತು ರಟ್ಟಿನಡಿ ನೂರಕ್ಕೂ ಹೆಚ್ಚು ವರ್ಷ ಅಡಗಿದ್ದ ವ್ಯಾನ್ ಗೋನ ಸ್ವಂತ ಮುಖ ಕಾಣಿಸಿತು. ರೈತ ಹೆಂಗಸಿನ ಮುಖದ ಹಿಂದೆ ತನ್ನ ಮುಖ!

ಈಗ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಿ. ಡ್ರೆಸ್ಡೆನ್ನಿನಲ್ಲಿ ಮೇಲಿನ ಬಣ್ಣವನ್ನು ತೆಗೆದರು, ಏಕೆಂದರೆ ಅದು ಪರರ ಕೈಯದು. ವ್ಯಾನ್ ಗೋನ ಹುಲ್ಲನ್ನು ಯಾರೂ ಕೆರೆಯಲಿಲ್ಲ. ಹುಲ್ಲನ್ನು ಬರೆದವನೂ ಅವನೇ, ಹೆಂಗಸನ್ನು ಬರೆದವನೂ ಅವನೇ. ಒಂದನ್ನು ತೋರಿಸಲು ಇನ್ನೊಂದನ್ನು ಹಾಳು ಮಾಡುವ ಹಕ್ಕು ನಮಗಿಲ್ಲ. ಆ ಹೆಂಗಸು ಅಲ್ಲಿದ್ದಾಳೆಂದು ತಿಳಿದುಕೊಂಡರೆ ಸಾಕು. ಬೆಳಕಿನಿಂದ ನೋಡಬೇಕು, ಚಾಕುವಿನಿಂದಲ್ಲ.

ನಮ್ಮ ಮನೆಗಳಲ್ಲೂ ಹೀಗೆಯೇ. ಪ್ರತಿಯೊಬ್ಬರೊಳಗೂ ಮುಚ್ಚಿಟ್ಟ ಒಂದು ಮುಖವಿರುತ್ತದೆ. ಸತ್ತುಹೋದ ಮಗುವಿನ ನೆನಪು, ಅರ್ಧಕ್ಕೆ ನಿಂತ ಓದು, ಯಾರಿಗೂ ಹೇಳದ ಅವಮಾನ. ನಿಮ್ಮ ಅತ್ತೆ, ನಿಮ್ಮ ಸೊಸೆ, ನಿಮ್ಮ ಮೌನಿಯಾದ ಮಗ, ಇವರೊಳಗೆ ಏನಿದೆಯೆಂದು ಕೆರೆದು ತೆಗೆದು ನೆರೆಮನೆಯವರಿಗೆ ತೋರಿಸುವುದು ನಮ್ಮ ಕೆಲಸವಲ್ಲ. ಚಾಡಿಮಾತು ಇಂಥ ಕೆರೆಯುವ ಚಾಕು. ಒಳಗೆ ಒಂದು ಮುಖವಿದೆಯೆಂದು ಅರಿತು ತಾಳ್ಮೆಯಿಂದ, ಗೌರವದಿಂದ ನಡೆದುಕೊಳ್ಳುವುದೇ ಪ್ರೀತಿ.

ನಾನು ಬಳಿದ ಬಣ್ಣ

ಇಷ್ಟೆಲ್ಲ ಬೋಧಿಸುವ ನಾನು ಮಾಡಿದ ತಪ್ಪೊಂದನ್ನು ಇಲ್ಲಿ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರವೊಂದರಲ್ಲಿ ಹೆಂಗಸೊಬ್ಬರು ಭಾನುವಾರದ ಬಲಿಪೂಜೆಗೆ ಸದಾ ತಡವಾಗಿ ಬರುತ್ತಿದ್ದರು. ಶುಭಸಂದೇಶದ ವಾಚನ ಮುಗಿದ ಮೇಲೆ ಬಂದು ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಕೂರುವುದು, ಪರಮಪ್ರಸಾದ ಸ್ವೀಕರಿಸಿದ ಕೂಡಲೇ ಅಂತಿಮ ಆಶೀರ್ವಾದಕ್ಕೂ ಕಾಯದೆ ಹೊರಟುಹೋಗುವುದು. ಒಂದು ಭಾನುವಾರ ಪ್ರಬೋಧನೆಯ ನಡುವೆ ನಾನು, "ಕೆಲವರು ಬಸ್ಸು ಹಿಡಿಯುವವರ ಹಾಗೆ ಪೂಜೆಗೆ ಬರುತ್ತಾರೆ, ಬಸ್ಸು ಇಳಿಯುವವರ ಹಾಗೆ ಹೋಗುತ್ತಾರೆ" ಎಂದುಬಿಟ್ಟೆ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎಲ್ಲರ ತಲೆಗಳೂ ಕೊನೆಯ ಬೆಂಚಿನ ಕಡೆ ತಿರುಗಿದವು. ಕೆಲವರು ನಕ್ಕರು. ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ನಾಲ್ಕು ತಿಂಗಳ ಮೇಲೆ ಒಂದು ರಾತ್ರಿ, ಮುದುಕಿಯೊಬ್ಬರಿಗೆ ಅಭ್ಯಂಗ ಸಂಸ್ಕಾರ ನೀಡಬೇಕೆಂದು ಕರೆ ಬಂತು. ಊರಿನ ಅಂಚಿನ ಒಂದು ಮನೆ. ಬಾಗಿಲು ತೆರೆದವರು ಅವರೇ. ಒಳಗೆ ಅವರ ಅತ್ತೆ ಮಲಗಿದ್ದರು. ಮೂರು ವರ್ಷದಿಂದ ಹಾಸಿಗೆ ಹಿಡಿದವರು. ಗಂಡ ದೂರದ ಊರಿನಲ್ಲಿ ದುಡಿಯುತ್ತಿದ್ದ. ಭಾನುವಾರ ಬೆಳಿಗ್ಗೆ ನೆರೆಮನೆಯ ಹುಡುಗಿಯೊಬ್ಬಳು ಮುಕ್ಕಾಲು ಗಂಟೆ ಮುದುಕಿಯ ಬಳಿ ಕೂರುತ್ತಿದ್ದಳು. ಆ ಮುಕ್ಕಾಲು ಗಂಟೆಯೇ ಆಕೆಯ ಇಡೀ ವಾರದ ದೇವಾಲಯ. ಧರ್ಮಕೇಂದ್ರದ ರೋಗಿಗಳ ಪಟ್ಟಿಯಲ್ಲಿ ಆ ಮುದುಕಿಯ ಹೆಸರಿರಲಿಲ್ಲ. ಪಟ್ಟಿ ಬರೆಯುವವನು ನಾನೇ.

ಸಂಸ್ಕಾರ ಮುಗಿದ ಮೇಲೆ ನಾನು ಆಕೆಯಲ್ಲಿ ಕ್ಷಮೆ ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಬೈದದ್ದಕ್ಕೆ ಬೇಸರವಿಲ್ಲ ಫಾದರ್. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ" ಎಂದರು. ಅಷ್ಟೇ ಹೇಳಿದ್ದು.

ಮರು ಭಾನುವಾರ ಅದೇ ಪೀಠದಿಂದ, ಅವರ ಹೆಸರು ಎತ್ತದೆ, ನಾನು ತಿಳಿಯದೆ ಒಬ್ಬರ ಮೇಲೆ ತೀರ್ಪು ಕೊಟ್ಟೆ, ಅದು ತಪ್ಪಾಯಿತು ಎಂದು ಎಲ್ಲರ ಮುಂದೆ ಹೇಳಿದೆ. ಆಕೆ ಅಂದು ಇರಲಿಲ್ಲ. ಮೂರನೆಯ ಭಾನುವಾರ ಬಂದರು. ಎಂದಿನಂತೆ ತಡವಾಗಿ.

ನಾನು ಅವರ ಮೇಲೆ 'ಭಕ್ತಿಯಿಲ್ಲದವಳು' ಎಂಬ ಬಣ್ಣ ಬಳಿದಿದ್ದೆ. ಆ ಬಣ್ಣ ದೇವರದ್ದಲ್ಲ, ಅವರದ್ದೂ ಅಲ್ಲ. ನನ್ನ ಕೈಯದು. ಅದನ್ನು ತೆಗೆಯಲು ಒಂದೇ ಒಂದು ಪ್ರಶ್ನೆ ಸಾಕಾಗಿತ್ತು. ಕೇಳುವ ತಾಳ್ಮೆ ನನಗಿರಲಿಲ್ಲ.

ಕುರಿಮರಿಯ ಕಣ್ಣುಗಳು

ಮೂರನೆಯ ಚಿತ್ರ ನಮಗೆ ಇನ್ನೂ ಹತ್ತಿರದ್ದು. ಬೆಲ್ಜಿಯಂನ ಗೆಂಟ್ ನಗರದ ಸಂತ ಬಾವೋ ಪ್ರಧಾನಾಲಯದಲ್ಲಿ ಬಲಿಪೀಠಕ್ಕೆಂದು ಬರೆದ ಒಂದು ಮಹಾಚಿತ್ರವಿದೆ. ಹ್ಯೂಬರ್ಟ್ ಮತ್ತು ಯಾನ್ ವಾನ್ ಐಕ್ ಎಂಬ ಸಹೋದರರ ಕೃತಿ, 1432ರಲ್ಲಿ ಪೂರ್ಣವಾಯಿತು. ಅನೇಕ ಮರದ ಹಲಗೆಗಳನ್ನು ಜೋಡಿಸಿ ಮಾಡಿದ ಅದರ ನಡುವೆ ಬಲಿಪೀಠವೊಂದಿದೆ, ಪೀಠದ ಮೇಲೆ ದೇವರ ಕುರಿಮರಿ ನಿಂತಿದೆ. ಅದರ ಎದೆಯಿಂದ ರಕ್ತ ಪಾನಪಾತ್ರೆಗೆ ಹರಿಯುತ್ತಿದೆ. ಸುತ್ತಲೂ ದೇವದೂತರು, ಸಂತರು, ಹುತಾತ್ಮರು. ಬಲಿಪೂಜೆಯಲ್ಲಿ ರೊಟ್ಟಿಯನ್ನು ಮುರಿಯುವಾಗ ನಾವು ಕರೆದು ಬೇಡುವುದು ಈ ಕುರಿಮರಿಯನ್ನೇ.

ಈ ಚಿತ್ರ ಬಹಳ ಕಷ್ಟ ಕಂಡಿದೆ. 1566ರಲ್ಲಿ ವಿಗ್ರಹಭಂಜಕರಿಂದ ಉಳಿಸಲು ಗೋಪುರದಲ್ಲಿ ಬಚ್ಚಿಟ್ಟರು. 1934ರಲ್ಲಿ ಒಂದು ಹಲಗೆ ಕಳುವಾಯಿತು. ಅದು ಮರಳಿ ಸಿಕ್ಕಿಲ್ಲ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಇದನ್ನು ಆಸ್ಟ್ರಿಯದ ಉಪ್ಪಿನ ಗಣಿಯೊಂದರಲ್ಲಿ ಇರಿಸಿದ್ದರು. ಇವೆಲ್ಲ ಶತ್ರುಗಳು ಮಾಡಿದ್ದು. ಆದರೆ ಕುರಿಮರಿಯ ಮುಖವನ್ನು ಮುಚ್ಚಿದವರು ಶತ್ರುಗಳಲ್ಲ.

2012ರಲ್ಲಿ ಇದರ ಶುದ್ಧೀಕರಣ ಆರಂಭವಾಯಿತು. ಕಿರಣಗಳಿಂದ ಪರೀಕ್ಷಿಸಿದಾಗ ಕುರಿಮರಿಯ ಬಹುಭಾಗದ ಮೇಲೆ 16ನೆಯ ಶತಮಾನದಲ್ಲಿ ಯಾರೋ ಮತ್ತೆ ಬಣ್ಣ ಹಚ್ಚಿದ್ದು ತಿಳಿಯಿತು. ಚಿತ್ರವನ್ನು ದುರಸ್ತಿ ಮಾಡಲು ಹೋದವರೇ, ಬಹುಶಃ ಭಕ್ತಿಯಿಂದಲೇ, ಮುಖವನ್ನು ಸೌಮ್ಯಗೊಳಿಸಿ ಸಾಧಾರಣ ಕುರಿಯ ಮುಖದಂತೆ ಮಾಡಿದ್ದರು. 1951ರಲ್ಲಿ ಸ್ವಲ್ಪ ಬಣ್ಣ ತೆಗೆದಾಗ ಮೂಲದ ಎರಡು ಕಿವಿಗಳು ಹೊರಬಂದವು, ಮೇಲೆ ಬರೆದ ಎರಡು ಕಿವಿಗಳೂ ಉಳಿದುಕೊಂಡವು. ಹೀಗೆ ಹೆಚ್ಚುಕಡಿಮೆ 70 ವರ್ಷ ಆ ಕುರಿಮರಿ ನಾಲ್ಕು ಕಿವಿಗಳೊಂದಿಗೆ ನಿಂತಿತ್ತು!

2019ರ ಕೊನೆಯ ಹೊತ್ತಿಗೆ ಮೂಲದ ಮುಖ ಪೂರ್ತಿಯಾಗಿ ಹೊರಬಂತು. ಮೇಲೆ ಬರೆದಿದ್ದ ಕುರಿಮರಿ ಎತ್ತಲೋ ನೋಡುತ್ತಿತ್ತು. ವಾನ್ ಐಕ್ ಬರೆದ ಕುರಿಮರಿಯ ಕಣ್ಣುಗಳು ಮುಂದಕ್ಕಿವೆ, ಮನುಷ್ಯರ ಕಣ್ಣುಗಳ ಹಾಗೆ. ಅವು ನೇರವಾಗಿ ನಮ್ಮನ್ನು ನೋಡುತ್ತವೆ. ಮರುವರ್ಷ ಈ ಚಿತ್ರ ಪ್ರಕಟವಾದಾಗ ಲೋಕದಲ್ಲಿ ಅನೇಕರು ನಕ್ಕರು. ವಿಚಿತ್ರವಾಗಿದೆಯೆಂದು ಗೇಲಿ ಮಾಡಿದರು. ಎತ್ತಲೋ ನೋಡುವ ಕುರಿಮರಿಗೆ ಒಗ್ಗಿದವರಿಗೆ ನೇರವಾಗಿ ನೋಡುವ ಕುರಿಮರಿ ಮುಜುಗರ ತರುತ್ತದೆ.

ಪ್ರಿಯರೇ, ನಾವೂ ಯೇಸುಸ್ವಾಮಿಯ ಮುಖಕ್ಕೆ ನಮಗೆ ಬೇಕಾದ ಬಣ್ಣ ಬಳಿದಿಲ್ಲವೇ? ನಮ್ಮ ಲೆಕ್ಕಪತ್ರ ಕೇಳದ, ನಮ್ಮ ಕೂಲಿಯಾಳಿಗೆ ನಾವು ಕೊಡುವ ಕೂಲಿಯನ್ನು ನೋಡದ, ತಮ್ಮನೊಂದಿಗೆ ಜಮೀನಿನ ಜಗಳ ನಡೆಯುವಾಗ ಮುಖ ತಿರುಗಿಸಿಕೊಂಡಿರುವ ಸೌಮ್ಯ ಯೇಸುವನ್ನು ನಾವು ಗೋಡೆಯ ಮೇಲೆ ತೂಗುಹಾಕಿದ್ದೇವೆ. ನಿಜವಾದ ಯೇಸು ನೋಡುತ್ತಾರೆ. ಪೇತ್ರನು ಮೂರು ಬಾರಿ ಅವರನ್ನು ಅರಿಯೆನೆಂದ ಮೇಲೆ ಕೋಳಿ ಕೂಗಿತು. ಆಗ ಪ್ರಭು ತಿರುಗಿ ಪೇತ್ರನನ್ನು ನೋಡಿದರೆಂದು ಸಂತ ಲೂಕರು ಬರೆಯುತ್ತಾರೆ. ಒಂದು ಮಾತೂ ಆಡಲಿಲ್ಲ. ನೋಡಿದರು, ಅಷ್ಟೇ. ಪೇತ್ರನು ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತನು. ಆ ನೋಟ 'ಅರಿಯೆನೆಂದವನು' ಎಂಬ ಬಣ್ಣದಡಿ ಇದ್ದ ಪೇತ್ರನನ್ನು ಕಂಡಿತು. ಮೂರು ವರ್ಷ ತಮ್ಮ ಹಿಂದೆ ನಡೆದ ಆ ಬೆಸ್ತನನ್ನು ಕಂಡಿತು.

ಪಶ್ಚಾತ್ತಾಪ ಎಂಬ ಪದ

ಚಿತ್ರಕಲೆಯಲ್ಲಿ ಒಂದು ಇಟಾಲಿಯನ್ ಪದವಿದೆ: ಪೆಂಟಿಮೆಂಟೊ. ಕಲಾವಿದನು ಬರೆಯುತ್ತಾ ಬರೆಯುತ್ತಾ ಮನಸ್ಸು ಬದಲಿಸಿ, ಇಲ್ಲಿದ್ದ ಕೈಯನ್ನು ಅಲ್ಲಿಗೆ ಸರಿಸುತ್ತಾನೆ, ತಲೆಯನ್ನು ಸ್ವಲ್ಪ ಬಾಗಿಸುತ್ತಾನೆ. ಕಾಲ ಕಳೆದಂತೆ ಮೇಲಿನ ಎಣ್ಣೆಬಣ್ಣ ತಿಳಿಯಾಗಿ, ಹಳೆಯ ಗೆರೆ ಮಸುಕಾಗಿ ಹೊರಗೆ ಕಾಣುತ್ತದೆ. ಅದಕ್ಕೆ ಈ ಹೆಸರು. ಆ ಪದದ ಅರ್ಥ ಪಶ್ಚಾತ್ತಾಪ! ತಪ್ಪು ಗೆರೆ ಎಳೆದ ಕಲಾವಿದ ಹಲಗೆಯನ್ನು ಒಡೆಯುವುದಿಲ್ಲ, ಗೆರೆಯನ್ನು ತಿದ್ದುತ್ತಾನೆ. ತಿದ್ದಿದ ಗುರುತು ಉಳಿಯಬಹುದು, ಆದರೆ ಅದರಿಂದ ಚಿತ್ರದ ಬೆಲೆ ಕುಂದುವುದಿಲ್ಲ. ನಮ್ಮ ಪಾಪನಿವೇದನಾ ಸಂಸ್ಕಾರವೂ ಹೀಗೆಯೇ. ಅಲ್ಲಿ ನಾವು ಹೊಸ ಮನುಷ್ಯನ ವೇಷ ಹಾಕಿಕೊಳ್ಳುವುದಿಲ್ಲ. ನಮ್ಮದಲ್ಲದ್ದನ್ನು ಕಳಚಿ, ದೀಕ್ಷಾಸ್ನಾನದಲ್ಲಿ ಬರೆಯಲ್ಪಟ್ಟ ಮುಖಕ್ಕೆ ಹಿಂದಿರುಗುತ್ತೇವೆ. ಡ್ರೆಸ್ಡೆನ್ನಿನ ತಜ್ಞರಂತೆ ಇಲ್ಲಿಯೂ ಚೂರು ಚೂರಾಗಿ, ತಾಳ್ಮೆಯಿಂದ ಕೆಲಸ ಸಾಗುತ್ತದೆ. ಒಂದು ಪಾಪನಿವೇದನೆಯಲ್ಲಿ ಎಲ್ಲವೂ ಹೋಗಲಿಲ್ಲವೆಂದು ನಿರಾಶರಾಗಬೇಡಿ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಕುಡಿದು ಬಂದು ಹೊಡೆಯುವ ಗಂಡನಿಂದ ನೊಂದ ಸಹೋದರಿ ಇದನ್ನು ಓದುತ್ತಿರಬಹುದು. 'ಅವನೊಳಗೂ ದೇವರ ಸ್ವರೂಪವಿದೆ, ಸಹಿಸಿಕೊಂಡಿರು' ಎಂದು ನಾನು ಹೇಳುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ಚಿತ್ರವನ್ನು ಪ್ರೀತಿಸುವ ತಜ್ಞನು ಕೊಳೆಯನ್ನು ಬಣ್ಣವೆಂದು ಕರೆಯುವುದಿಲ್ಲ. ಕೊಳೆಯನ್ನು ಕೊಳೆಯೆಂದು ಗುರುತಿಸಿದ ಮೇಲೆಯೇ ಕೆಲಸ ಆರಂಭವಾಗುತ್ತದೆ. ಹೊಡೆತವನ್ನು ಹೊಡೆತವೆಂದೇ ಕರೆಯಿರಿ, ಸುರಕ್ಷಿತವಾದ ಕಡೆಗೆ ಹೋಗಿ, ನಂಬಿಕಸ್ಥರಿಗೆ ತಿಳಿಸಿ. ನಿಮ್ಮೊಳಗೂ ದೇವರ ಸ್ವರೂಪವಿದೆ. ಅದರ ಮೇಲೆ ಕೈಮಾಡುವ ಹಕ್ಕು ಯಾರಿಗೂ ಇಲ್ಲ.

ಈ ವಾರ ರಾತ್ರಿ ಜಪಸರದ ನಂತರ ಮನೆಯವರೆಲ್ಲ ಐದು ನಿಮಿಷ ಮೌನವಾಗಿ ಕೂತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇದು ನನ್ನ ಸ್ವಭಾವ ಎಂದು ನಾನು ಹೇಳಿಕೊಳ್ಳುವ ಯಾವ ಗುಣ ನಿಜವಾಗಿ ನನ್ನನ್ನು ಬರೆದವರ ಕೈಯದಲ್ಲ? ನಮ್ಮ ಮನೆಯಲ್ಲಿ ಯಾರ ಮೇಲೆ ನಾನು ಸೋಮಾರಿ, ಮೊಂಡ, ಜಗಳಗಂಟಿ ಎಂಬ ಬಣ್ಣ ಬಳಿದು ಅದನ್ನೇ ಅವರ ಮುಖವೆಂದು ನಂಬಿದ್ದೇನೆ? ಅವರನ್ನು ನಾನು ಕೇಳದೆ ಉಳಿಸಿರುವ ಪ್ರಶ್ನೆ ಯಾವುದು? ಮೂರನೆಯದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡಿ. ಅವರ ಬಳಿ ಹೋಗಿ ಕೇಳಿಬಿಡಿ. ನಾಲ್ಕು ತಿಂಗಳು ಕಾಯಬೇಡಿ.

ಪ್ರಾರ್ಥಿಸೋಣ: ದೇವರ ಕುರಿಮರಿಯಾದ ಯೇಸುವೇ, ನಮ್ಮನ್ನು ನೇರವಾಗಿ ನೋಡು. ನಾವು ನಿನ್ನ ಮುಖಕ್ಕೆ ಬಳಿದ ಬಣ್ಣವನ್ನು ತೆಗೆ. ನಾವು ನಮ್ಮ ಗಂಡ ಹೆಂಡಿರ, ಮಕ್ಕಳ, ನೆರೆಯವರ ಮುಖಕ್ಕೆ ಬಳಿದ ಬಣ್ಣವನ್ನು ತೆಗೆಯಲು ನಮಗೆ ದೀನತೆಯನ್ನು ಕೊಡು. ನಮ್ಮೊಳಗೆ ನೀನು ಬರೆದದ್ದು ಇನ್ನೂ ಇದೆಯೆಂಬ ಭರವಸೆಯನ್ನು ಕೊಡು. ಆಮೆನ್.